ಅಂದಗೇಡಿಗಳಲ್ಲಿ ಯಾವುದು ನಿಮ್ಮ ಕಪಾಟಿಗೆ?

ಹಳೆಯ ಅಮೆರಿಕನ್ ಪ್ರದರ್ಶನ ಕಾರುಗಳಲ್ಲಿ ಒಂದರ ಪುಟ್ಟ ಮಾದರಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹುಚ್ಚು ನಿಮಗಿದ್ದರೆ ಎರಡನ್ನು ಮುಂದಿಡುತ್ತೇನೆ: 1957ರ ಅರೋರಾ ಮತ್ತು ಎಡ್ ರಾತ್ ಕಟ್ಟಿದ ಬೀಟ್ನಿಕ್ ಬ್ಯಾಂಡಿಟ್.

ಅರೋರಾ ಆಲ್ಫ್ರೆಡ್ ಜೂಲಿಯಾನೊ ಎಂಬ ಪಾದ್ರಿಯ ಕನಸು. ಬ್ಯೂಕ್ ಕಾರಿನ ಚಾಸಿಯ (ಅಡಿ ಚೌಕಟ್ಟಿನ) ಮೇಲೆ ಫೈಬರ್‌ಗ್ಲಾಸ್ ಮೈ, ಊದಿಕೊಂಡ ಮುಂಗಾಜು, ಬಾಯಿ ತೆರೆದ ಮೂತಿ. ನೋಡಿದವರಿಗೆ ನಗು ತಡೆಯುವುದು ಕಷ್ಟ. ಆದರೆ ಆ ಗಾಜು ಉಬ್ಬಿರುವುದು ಅಪಘಾತದಲ್ಲಿ ತಲೆ ಬಡಿಯದಿರಲೆಂದು. ಮೂತಿ ಹಾಗಿರುವುದು ಎದುರು ಸಿಕ್ಕ ಪಾದಚಾರಿಗೆ ಪೆಟ್ಟಾಗದಂತೆ ಎತ್ತಿಕೊಳ್ಳಲೆಂದು. ಸೀಟ್ ಬೆಲ್ಟ್ ಕೂಡ ಇತ್ತು. ಪಾಪ, ನ್ಯೂಯಾರ್ಕಿನ ಅನಾವರಣಕ್ಕೆ ಹೊರಟ ಕಾರು ದಾರಿಯಲ್ಲೇ ಮತ್ತೆ ಮತ್ತೆ ಕೆಟ್ಟು ನಿಂತು, ಪತ್ರಕರ್ತರನ್ನು ಕಾಯಿಸಿತು.

ಬ್ಯಾಂಡಿಟ್‌ನದು ಬೇರೆ ಜಾತಿ. ಗುಳ್ಳೆಯಂಥ ಪಾರದರ್ಶಕ ಮುಚ್ಚಳ, ಸ್ಟೀರಿಂಗ್ ಚಕ್ರದ ಬದಲು ನಡುವೆ ಒಂದೇ ಹಿಡಿಕೆ. ಶಿಲ್ಪ ಎನ್ನುವವರೂ ಇದ್ದಾರೆ, ವಿಕಾರ ಎನ್ನುವವರೂ ಇದ್ದಾರೆ. 1968ರ ಮೊದಲ 16 ಹಾಟ್ ವೀಲ್ಸ್ ಆಟಿಕೆ ಕಾರುಗಳಲ್ಲಿ ಇದೂ ಒಂದು. ಹುಡುಕಿದರೆ ಸಿದ್ಧ ಮಾದರಿಯೇ ಸಿಗುತ್ತದೆ. ಹೊಳಪು ಬೇಕಾದವರು ಇದನ್ನೇ ಕೊಳ್ಳಲಿ.

ನನ್ನ ಮತ ಅರೋರಾಕ್ಕೆ. ಬ್ಯಾಂಡಿಟ್ ಕಣ್ಣು ಸೆಳೆಯಲೆಂದೇ ಹುಟ್ಟಿದ್ದು. ಅರೋರಾದ ಒಂದೊಂದು ಉಬ್ಬಿಗೂ ಯಾರದೋ ಜೀವದ ಕಾಳಜಿ ಕಾರಣ. ಮಾದರಿಯನ್ನು ನೀವೇ ಕೈಯಾರೆ ಮಾಡುವುದಾದರೆ ಆ ಮುಂಗಾಜೇ ನಿಮ್ಮ ತಾಳ್ಮೆ ಪರೀಕ್ಷಿಸುತ್ತದೆ.