ಟ್ಯಾಪೆಟ್ ಸೌಂಡ್ ಎಂದು ಬಾಟ್ಲಿ ಹಾಕಿಸುವವರು ದಯವಿಟ್ಟು ಓದಿ

ಬದಿಯಡ್ಕ, ಪೆರ್ಲ, ನೀರ್ಚಾಲು, ಕುಂಬಳೆ ಕಡೆಯಲ್ಲಿ ಹಳೆ ಡೀಸೆಲ್ ಕಾರು ಇಟ್ಟುಕೊಂಡವರೇ, ಐದು ನಿಮಿಷ ಬಿಡುವು ಮಾಡಿ ಇದನ್ನು ಓದಿ. ಎಂಜಿನ್ನಿನ ಶಬ್ದ ನಿಲ್ಲಲು ಎಂದು ಆಯಿಲಿಗೆ ಸುರಿಯುವ ಒಂದು ಬಾಟ್ಲಿಯಿಂದ ಶುರುವಾಗಿ, ಒಂದೇ ಗ್ಯಾರೇಜಿನಲ್ಲಿ ನನಗೆ 23,600 ರೂಪಾಯಿ ಹೋಗಿದೆ. ಹಣಕ್ಕಿಂತ ಹೆಚ್ಚಾಗಿ, ನಾನು ನಂಬಿದೆನಲ್ಲ, ಅದು ಹೊಟ್ಟೆ ಉರಿಸುತ್ತಿದೆ. ಗ್ಯಾರೇಜಿನ ಹೆಸರು ಹಾಕುವುದಿಲ್ಲ. ಗ್ಯಾರೇಜಿನವರ ತಮ್ಮ ನನ್ನ ಕ್ಲಾಸಿನಲ್ಲಿ ಕಲಿತ ಹುಡುಗ, ಅವನಿಗೆ ಬೇಜಾರಾಗಬಾರದು. ನಂಬಿದ್ದೂ ಅದೇ ಕಾರಣಕ್ಕೆ.

ಕಾರು 2013ರ ಮಾಡೆಲ್, ಸೆಕೆಂಡ್ ಹ್ಯಾಂಡ್, 1.3 ಲೀಟರ್ ಡೀಸೆಲ್. ಸ್ವಿಫ್ಟ್, ಡಿಸೈರ್, ರಿಟ್ಜ್ ಎಲ್ಲದರಲ್ಲೂ ಬರುತ್ತಿದ್ದ ಅದೇ ಫಿಯೆಟ್ ಮೂಲದ ಎಂಜಿನ್. ನಮ್ಮ ಊರಿನಲ್ಲಿ ಲೆಕ್ಕ ಇಲ್ಲದಷ್ಟು ಉಂಟು, ಅದಕ್ಕೇ ಬರೆಯುತ್ತಿದ್ದೇನೆ. ಮಳೆಗಾಲ ಶುರುವಾಗುವಾಗ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಟಿಕ್ ಎಂದು ಶಬ್ದ ಬರಲು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಬಂದು ನಿಂತರೆ ಅದೇನೂ ದೊಡ್ಡದಲ್ಲ, ರಾತ್ರಿ ಎಲ್ಲ ಆಯಿಲ್ ಕೆಳಗೆ ಇಳಿದಿರುತ್ತದೆ. ನನ್ನದು ಹಾಗಲ್ಲ. ಮನೆಯಿಂದ ಹೊರಡುವಾಗ ಸಣ್ಣ, ಶಾಲೆ ತಲುಪಿ ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ ಜೋರು.

ಬಿಸಿಯಾದ ಮೇಲೆ ಜೋರು. ಈ ಮಾತನ್ನು ಮೊದಲ ದಿನವೇ ಗ್ಯಾರೇಜಿನಲ್ಲಿ ನಾನೇ ಬಾಯಿ ಬಿಟ್ಟು ಹೇಳಿದ್ದೆ. ಎರಡು ಸಲ ಹೇಳಿದ್ದೆ.

ಅವರು ಬಾನೆಟ್ ಎತ್ತಿ, ಒಮ್ಮೆ ಆಕ್ಸಿಲರೇಟರ್ ಕೊಡಿಸಿ, "ಮಾಸ್ಟ್ರೇ, ಇದು ಟ್ಯಾಪೆಟ್ ಸೌಂಡ್. ಒಂದು ಬಾಟ್ಲಿ ಹಾಕುವ, ಮೂರು ದಿವಸದಲ್ಲಿ ನಿಲ್ತದೆ" ಎಂದರು. ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವುಗಳ ಹತ್ತಿರ ಸಂದು ಬಾರದ ಹಾಗೆ ನೋಡಿಕೊಳ್ಳುವ ಸಣ್ಣ ತುಂಡು, ಲಿಫ್ಟರ್ ಎನ್ನುವುದೂ ಅದನ್ನೇ. ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟು ಉಂಟೆಂದು ನೋಡಲಿಲ್ಲ. ಕಿವಿ ಕೊಟ್ಟು ಕೇಳಲಿಲ್ಲ. ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಲೂ ಇಲ್ಲ. ಬಾಟ್ಲಿಗೆ 1,350.

ಶಬ್ದ ಕಡಿಮೆಯಾದದ್ದು ಹೌದು. ಅಲ್ಲೇ ನಾನು ಬಿದ್ದದ್ದು. ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಟೀಚರಿಗೆ "ಅಲ್ಲಿಗೇ ಹೋಗಿ, ಒಳ್ಳೆ ಕೆಲಸ" ಎಂದು ಬೇರೆ ಹೇಳಿಬಿಟ್ಟೆ. ಈಗ ಅವರ ಮುಖ ನೋಡಲು ನಾಚಿಕೆಯಾಗುತ್ತದೆ. ಆ ಬಾಟ್ಲಿಯಲ್ಲಿ ಇದ್ದದ್ದು ಆಯಿಲನ್ನು ದಪ್ಪ ಮಾಡುವ ದ್ರವ. ದಪ್ಪ ಆಯಿಲ್ ಸ್ವಲ್ಪ ದಿವಸ ಶಬ್ದವನ್ನು ಮುಚ್ಚಿ ಹಾಕುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಹನ್ನೊಂದನೇ ದಿವಸಕ್ಕೆ ಶಬ್ದ ವಾಪಸ್.

ಎರಡನೇ ಸಲ ಹೋದಾಗ, "ಒಳಗೆ ಕೊಳೆ ಉಂಟು, ಫ್ಲಶ್ ಮಾಡಬೇಕು." ಹಳೆ ಆಯಿಲಿಗೆ ಇನ್ನೊಂದು ಬಾಟ್ಲಿ ಸುರಿದು, ಹದಿನೈದು ನಿಮಿಷ ಎಂಜಿನ್ ಓಡಿಸಿ, ಆಯಿಲ್ ಬದಲಿಸಿದರು. 3,750. ಅದಾದ ಮೇಲೆ ಶಬ್ದ ಮೊದಲಿಗಿಂತ ಜಾಸ್ತಿ. ಮೊದಲಿಗಿಂತ ಜಾಸ್ತಿ! ಫೋನ್ ಮಾಡಿದರೆ, "ಹೌದು ಮಾಸ್ಟ್ರೇ, ಕೊಳೆ ಹೋದ ಮೇಲೆ ನಿಜವಾದ ಸೌಂಡ್ ಗೊತ್ತಾಗುವುದು. ಲಿಫ್ಟರ್ ಸೆಟ್ ಹೋಗಿದೆ, ಹದಿನಾರೂ ಹಾಕಬೇಕು. ಲೇಟ್ ಮಾಡಿದರೆ ಕ್ಯಾಮ್ ಹೋಗ್ತದೆ, ಮತ್ತೆ ಅರುವತ್ತು ಸಾವಿರ." ಕ್ಯಾಮ್ ಎಂದರೆ ತಿರುಗುತ್ತಾ ವಾಲ್ವುಗಳನ್ನು ತೆರೆಸುವ ದಂಡ.

ಅರುವತ್ತು ಸಾವಿರ ಎಂದು ಕೇಳಿದ ಮೇಲೆ ಲಿಫ್ಟರ್ ಸೆಟ್ಟಿನ 18,500 ಸಣ್ಣದು ಎಂದು ಕಂಡಿತು. ಹೀಗೇ ಹೆದರಿಸುವುದು ಇವರು. ಬೆಳಿಗ್ಗೆ ಕೊಟ್ಟ ಕಾರು ಸಂಜೆ ನಾಲ್ಕೂವರೆಗೆ ರೆಡಿ. ಹಳೆ ಪಾರ್ಟು ಕೊಡಿ ಎಂದೆ. ಪೇಪರಿನಲ್ಲಿ ಸುತ್ತಿ ಕೊಟ್ಟರು, ಎಣ್ಣೆ ಹಿಡಿದ ಬಟ್ಟಲಿನ ಹಾಗಿನ ತುಂಡುಗಳು. ಮನೆಗೆ ಬಂದು ಎಣಿಸಿದೆ. 14. ಫೋನ್ ಮಾಡಿದೆ. "ಎರಡು ಎಲ್ಲಿಯೋ ಬಿದ್ದಿರಬೇಕು ಮಾಸ್ಟ್ರೇ, ಹಳತು ನಿಮಗೆ ಎಂತಕ್ಕೆ?" ಎಂದರು. ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆ ಎಂದು ಈಗಲೂ ಗೊತ್ತಾಗುವುದಿಲ್ಲ. ಶಬ್ದ ಇದ್ದೇ ಇತ್ತು. "ಹೊಸತು ಅಲ್ವಾ, ಸೆಟ್ ಆಗಲಿಕ್ಕೆ ಐನೂರು ಕಿಲೋಮೀಟರ್ ಬೇಕು" ಎಂದರು.

ಐನೂರು ಕಿಲೋಮೀಟರ್ ಆಗುವ ಮೊದಲೇ ಒಂದು ಮದುವೆಗೆ ಪುತ್ತೂರಿಗೆ ಹೊರಟದ್ದು. ಸಾರಡ್ಕ ದಾಟಿ ವಿಟ್ಲ ತಲುಪುವಷ್ಟರಲ್ಲಿ ಟಿಕ್ ಟಿಕ್ ಹೋಗಿ ಕಟಕಟ ಆಗಿತ್ತು. ಹೇಗೋ ಪುತ್ತೂರು ಮುಟ್ಟಿಸಿ, ಭಾವ ಹೇಳಿದ ಒಬ್ಬ ಪ್ರಾಯದ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಅವರು ಕೇಳಿದ ಮೊದಲ ಮಾತು, "ತಣ್ಣಗಿರುವಾಗ ಜೋರೋ, ಬಿಸಿಯಾದ ಮೇಲೆ ಜೋರೋ?" ಬಿಸಿಯಾದ ಮೇಲೆ ಎಂದೆ. "ಹಾಗಾದರೆ ಆಯಿಲ್ ಪ್ರೆಶರ್ ನೋಡಿದ್ದಾರಾ?"

ಯಾರೂ ನೋಡಿರಲಿಲ್ಲ. ಮೂರು ಸಲ ಹಣ ತೆಗೆದುಕೊಂಡವರು ಒಂದು ಸಲವೂ ನೋಡಿರಲಿಲ್ಲ.

ಅವರು ಮೊದಲು ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಒಂದೊಂದೇ ಜಾಗ ಕೇಳಿದರು. ಡೀಸೆಲಿನಲ್ಲಿ ಇಂಜೆಕ್ಟರ್ ಕೂಡ ಟಿಕ್ ಎನ್ನುತ್ತದೆ, ಎಕ್ಸಾಸ್ಟ್ ಲೀಕ್ ಕೂಡ ಹಾಗೇ ಕೇಳುತ್ತದೆ (ಅದು ಹೆಚ್ಚಾಗಿ ಬಿಸಿಯಾದ ಮೇಲೆ ಕಡಿಮೆಯಾಗುತ್ತದಂತೆ), ಟೈಮಿಂಗ್ ಚೈನ್ ಸಡಿಲವಾದರೆ ಬದಿಯಿಂದ ಗರಗರ ಬರುತ್ತದೆ. ಆಮೇಲೆ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಅಳೆಯುವ ಗೇಜ್ ಹಾಕಿದರು. ಬಿಸಿ ಎಂಜಿನ್, ಐಡಲ್‌ನಲ್ಲಿ ಮುಳ್ಳು 6 ಪಿಎಸ್‌ಐ ಹತ್ತಿರ. 2,000 ಆರ್‌ಪಿಎಂಗೆ ಏರಿಸಿದರೂ 14 ದಾಟಲಿಲ್ಲ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಮೆಕ್ಯಾನಿಕ್‌ಗಳ ಸಾಮಾನ್ಯ ಲೆಕ್ಕ, ಅಂದರೆ 2,000ಕ್ಕೆ 20 ಬೇಕಿತ್ತು. "ಆದರೆ ಆಯಿಲಿನ ಕೆಂಪು ಲೈಟ್ ಬರಲಿಲ್ಲವಲ್ಲ" ಎಂದೆ. ಆ ಲೈಟ್ ಪ್ರೆಶರ್ ಬಹುತೇಕ ಪೂರ್ತಿ ಬಿದ್ದ ಮೇಲೆ ಮಾತ್ರ ಉರಿಯುವುದು ಎಂದರು.

ಈ ಹೈಡ್ರಾಲಿಕ್ ಲಿಫ್ಟರ್ ಎಂದರೆ ಒಳಗೆ ಒಂದು ಸಣ್ಣ ಪ್ಲಂಜರ್, ಸ್ಪ್ರಿಂಗ್, ಒಂದು ಬಾಲ್ ವಾಲ್ವ್. ಆಯಿಲ್ ಒತ್ತಡದಿಂದ ತುಂಬಿ, ಕ್ಯಾಮಿಗೂ ವಾಲ್ವಿಗೂ ನಡುವೆ ಸಂದು ಉಳಿಯದ ಹಾಗೆ ನೋಡಿಕೊಳ್ಳುತ್ತದೆ. ಒತ್ತಡ ಇಲ್ಲದಿದ್ದರೆ ಹೊಚ್ಚಹೊಸ ಲಿಫ್ಟರ್ ಹಾಕಿದರೂ ಟಿಕ್ ಟಿಕ್ ಎನ್ನಲೇಬೇಕು. ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತದೆ, ಒತ್ತಡ ಇನ್ನೂ ಬೀಳುತ್ತದೆ, ಶಬ್ದ ಏರುತ್ತದೆ. ನಾನು ಮೊದಲ ದಿವಸ ಹೇಳಿದ ಮಾತಿನಲ್ಲೇ ಉತ್ತರ ಇತ್ತು!

ಸಂಪ್ (ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಬಿಚ್ಚಿದರು. ಆಯಿಲ್ ಎಳೆಯುವ ಸ್ಟ್ರೈನರಿನ ಜಾಲರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು, ಡಾಂಬರಿನ ಹಾಗಿನ ಕಪ್ಪು ಕೊಳೆ. ಮೊದಲಿನ ಓನರ್ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದೆ ಕಟ್ಟಿದ ಕೊಳೆ. ಫ್ಲಶ್ ಸುರಿದಾಗ ಎದ್ದು ಬಂದು ಜಾಲರಿಗೆ ಕೂತಿದೆ. ಅದಕ್ಕೇ ಆಮೇಲೆ ಶಬ್ದ ಜಾಸ್ತಿಯಾದದ್ದು. "ಇನ್ನು ಸ್ವಲ್ಪ ಓಡಿಸಿದ್ದರೆ ಬೇರಿಂಗೂ ಟರ್ಬೊವೂ ಹೋಗ್ತಿತ್ತು" ಎಂದರು. ಅರುವತ್ತು ಸಾವಿರ ಎಂದು ಯಾರು ನನ್ನನ್ನು ಹೆದರಿಸಿದರೋ ಅವರೇ ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರು.

"ಆದರೆ ಲಿಫ್ಟರ್ ಹೊಸತು ಹಾಕಿಸಿದ್ದೇನಲ್ಲ" ಎಂದು ನಾನು ಹೇಳಿದಾಗ ಅವರು ಮಾತಾಡಲಿಲ್ಲ. ಟಾರ್ಚ್ ಹಿಡಿದು ಕ್ಯಾಮ್ ಕೇಸಿನ ಬೋಲ್ಟುಗಳನ್ನು ತೋರಿಸಿದರು. ಬೋಲ್ಟಿನ ತಲೆಯಲ್ಲಿ ಹಳೆ ಮಣ್ಣು ಹಾಗೇ ಗಟ್ಟಿಯಾಗಿ ಕೂತಿದೆ, ಸ್ಪ್ಯಾನರ್ ತಾಗಿದ ಒಂದು ಗುರುತಿಲ್ಲ. ಆ ಕೇಸ್ ಎತ್ತದೆ ಲಿಫ್ಟರಿಗೆ ಕೈಯೇ ಹೋಗುವುದಿಲ್ಲ. ಡಿಕ್ಕಿಯಲ್ಲಿ ಇದ್ದ ಪೇಪರ್ ಕಟ್ಟು ತೆಗೆದು ತೋರಿಸಿದೆ. ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಮೆಲ್ಲ ಹೇಳಿದರು, "ಮಾಸ್ಟ್ರೇ, ಇದು ಬಕೆಟ್ ಟೈಪ್. ನಿಮ್ಮ ಎಂಜಿನ್ನಿನಲ್ಲಿ ಇರುವುದು ಬೆರಳಿನಷ್ಟು ಸಣ್ಣದು. ಇದು ಬೇರೆ ಯಾವುದೋ ಗಾಡಿಯದ್ದು."

ಮದುವೆಗೆ ಉಟ್ಟ ಪಂಚೆಯಲ್ಲಿ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಹದಿನಾರು ಇರಬೇಕಾದಲ್ಲಿ ಹದಿನಾಲ್ಕು ಸಿಕ್ಕಿದಾಗಲೂ ಸುಮ್ಮನಿದ್ದೆ.

ಪುತ್ತೂರಿನಲ್ಲಿ ಸಂಪ್, ಸ್ಟ್ರೈನರ್ ತೊಳೆದು, ಕಂಪನಿ ಹೇಳಿದ ಗ್ರೇಡಿನ ಆಯಿಲ್, ಫಿಲ್ಟರ್ ಹಾಕಿ 6,200. ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸಲು ಹೇಳಿದರು, ಬದಲಿಸಿದೆ. ಈಗ ಬೆಳಿಗ್ಗೆ ಎರಡು ಸೆಕೆಂಡ್ ಬಿಟ್ಟರೆ ಶಬ್ದ ಇಲ್ಲ. ಅದೇ ಹಳೆ ಲಿಫ್ಟರ್!

ಬಾಟ್ಲಿ ಯಾವಾಗಲೂ ಮೋಸವೇ ಎಂದು ನಾನು ಹೇಳುವುದಿಲ್ಲ. ಜಿಡ್ಡು ಹಿಡಿದು ಒಂದೆರಡು ಲಿಫ್ಟರ್ ಸಿಕ್ಕಿಹಾಕಿಕೊಂಡಿದ್ದರೆ ಕ್ಲೀನರ್ ಬಿಡಿಸುವುದುಂಟಂತೆ. ಒಳ್ಳೆ ಆಯಿಲನ್ನು ಬೇಗ ಬೇಗ ಎರಡು ಸಲ ಬದಲಿಸಿದರೂ ಅದೇ ಕೆಲಸ ನಿಧಾನವಾಗಿ ಆಗುತ್ತದಂತೆ. ಆದರೆ ಲೆವೆಲ್ ನೋಡದೆ, ಗೇಜ್ ಹಾಕದೆ ಬಾಟ್ಲಿ ಕೈಗೆತ್ತಿಕೊಂಡವನಿಗೆ ಕಾರು ಕೊಡಬೇಡಿ. ಕೊಳೆ ಕಟ್ಟಿದ ಹಳೆ ಎಂಜಿನ್ನಿಗೆ ಫ್ಲಶ್ ಹಾಕಿಸಲೇಬೇಡಿ. ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ, ಫೋಟೋ ತೆಗೆಯಿರಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಜಿಎಸ್‌ಟಿ ಬಿಲ್ ಕೇಳಿ. ನನ್ನ ಹತ್ತಿರ ಇರುವುದು "ಎಂಜಿನ್ ವರ್ಕ್ 18,500" ಎಂದು ಗೀಚಿದ ಒಂದು ಚೀಟಿ, ಸೀಲೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳುವುದಾದರೆ ಕೈಯಲ್ಲಿ ಅದೊಂದೇ, ಮತ್ತೆ ಗೂಗಲ್ ಪೇ ಮಾಡಿದ ದಾಖಲೆ.

ವಾಪಸ್ ಹೋಗಿ ಕೇಳಿದೆ. "ಹುಡುಗರು ತಪ್ಪಿ ಬೇರೆ ಗಾಡಿಯದ್ದು ಕಟ್ಟಿ ಕೊಟ್ಟಿರಬೇಕು." ನನ್ನದು ಎಲ್ಲಿ? "ಗುಜರಿಗೆ ಹೋಯ್ತು." ಬೋಲ್ಟೇ ಬಿಚ್ಚಲಿಲ್ಲವಲ್ಲ? "ಪುತ್ತೂರಿನವರಿಗೆ ನಮ್ಮ ಕೆಲಸ ಎಂತ ಗೊತ್ತು? ಈಗ ಸೌಂಡ್ ಇಲ್ವಲ್ಲ ಮಾಸ್ಟ್ರೇ, ಮತ್ತೆ ಎಂತಕ್ಕೆ ಗಲಾಟೆ?"

ಆ 14 ಬಟ್ಟಲು ಇನ್ನೂ ನನ್ನ ಮನೆಯಲ್ಲಿ ಉಂಟು. ಈ ಮಳೆಗಾಲದಲ್ಲಿ ನಮ್ಮ ಕಡೆ ಯಾರಾದರೂ ಲಿಫ್ಟರ್ ಸೆಟ್ ಎಂದು ಹಣ ಕೊಟ್ಟಿದ್ದರೆ, ಹಳೆ ಪಾರ್ಟು ಸಿಗದೆ ಇದ್ದರೆ, ಅಥವಾ ಕೊಟ್ಟದ್ದು ಎಣಿಕೆಗೆ ಸರಿಯಾಗದಿದ್ದರೆ ನನಗೆ ತಿಳಿಸಿ. ಒಟ್ಟಿಗೆ ಹೋಗಿ ಕೇಳುವ.