ನಾಲ್ಕು ವರ್ಷ ಬಳಸಿದ ಮೇಲೆ: ಉಸಿರಾಟ ಅಳೆಯುವ ರಿಪ್ ಬೆಲ್ಟು

ವಿಜಯಪುರದ ಒಂದು ಸ್ಲೀಪ್ ಲ್ಯಾಬಿನಲ್ಲಿ ನನಗೆ ರಾತ್ರಿ ಪಾಳಿ. ನಿದ್ದೆಯಲ್ಲಿ ಉಸಿರು ಕಟ್ಟುವವರು ಬಂದು ಮಲಗುತ್ತಾರೆ, ನಾನು ಪರದೆ ನೋಡುತ್ತಾ ಕೂತಿರುತ್ತೇನೆ.

ಮೊದಲು ನಮ್ಮಲ್ಲಿ ಪೀಜೋ ಬೆಲ್ಟು ಇದ್ದವು. ಒಂದು ಸಣ್ಣ ಹರಳಿನ ಮೇಲೆ ಬೀಳುವ ಎಳೆತ, ಅಷ್ಟೇ ಅದರ ಲೆಕ್ಕ. ರೋಗಿ ಹರಳಿನ ಮೇಲೇ ಮಗ್ಗಲಾದರೆ ಪರದೆಯ ಮೇಲಿನ ಉಸಿರಿನ ಗೆರೆ ಕೆಟ್ಟಿತು. ರಿಪ್ (ರೆಸ್ಪಿರೇಟರಿ ಇಂಡಕ್ಟನ್ಸ್ ಪ್ಲೆತಿಸ್ಮೋಗ್ರಫಿ) ಬೆಲ್ಟು ಎದೆಗೊಂದು, ಹೊಟ್ಟೆಗೊಂದು. ಬೆಲ್ಟಿನ ಉದ್ದಕ್ಕೂ ಹಾವು ಹರಿದ ಹಾಗೆ ತಂತಿ ಹೊಲಿದಿರುತ್ತಾರೆ. ಎದೆ, ಹೊಟ್ಟೆ ಉಬ್ಬಿದಾಗ ತಂತಿಯ ಇಂಡಕ್ಟನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಅದು ಒಡ್ಡುವ ತಡೆ, ಬದಲಾಗುತ್ತದೆ. ಮೈ ಸುತ್ತಲೂ ಅಳೆಯುವುದರಿಂದ ಹೊರಳಿದರೂ ಗೆರೆ ಪೂರ್ತಿ ಸಾಯುವುದಿಲ್ಲ.

ತಲೆನೋವು ಇರುವುದು ಕ್ಯಾಲಿಬ್ರೇಷನ್‌ನಲ್ಲಿ, ಅಂದರೆ ಎರಡು ಬೆಲ್ಟಿನ ಗೆರೆಗಳನ್ನು ನಿಜವಾದ ಉಸಿರಿಗೆ ಹೊಂದಿಸುವುದರಲ್ಲಿ. 1967ರಲ್ಲಿ ಕೊನ್ನೊ ಮತ್ತು ಮೀಡ್ ಎಂಬ ಸಂಶೋಧಕರು ತೋರಿಸಿದ ಹಳೆಯ ಉಪಾಯ ಒಂದಿದೆ. ಉಸಿರು ಬಿಗಿ ಹಿಡಿದು ಹೊಟ್ಟೆಯನ್ನು ಒಳಗೆ ಎಳೆದು ಬಿಡಬೇಕು. ಗಾಳಿ ಒಳಗೂ ಹೋಗಿಲ್ಲ, ಹೊರಗೂ ಬಂದಿಲ್ಲ. ಹಾಗಾಗಿ ಎದೆಯ ಗೆರೆ ಏರಿ ಹೊಟ್ಟೆಯದು ಇಳಿದರೂ ಎರಡರ ಮೊತ್ತ ಸಪಾಟಾಗಿ ಬರಬೇಕು. ಕೇಳಲು ಚೆಂದ. ಒಬ್ಬ ಅಜ್ಜನಿಗೆ ಹೇಳಿದೆ. "ಉಸಿರೂ ಬಿಡಬ್ಯಾಡ, ಹೊಟ್ಟೀನೂ ಅಳ್ಳಾಡಿಸು ಅಂತೀರಲ್ರೀ, ಹೆಂಗ್ ಮಾಡೂದು?" ಅಂತ ನಕ್ಕುಬಿಟ್ಟರು. ಈಗ ಸುಮ್ನೆ 5 ನಿಮಿಷ ಸಹಜವಾಗಿ ಉಸಿರಾಡಲು ಬಿಡುತ್ತೇನೆ. ಎದೆಗೆಷ್ಟು ತೂಕ, ಹೊಟ್ಟೆಗೆಷ್ಟು ಎಂದು ಸಾಫ್ಟ್‌ವೇರೇ ಹೊಂದಿಸುತ್ತದೆ.

ಆದರೆ ಅದನ್ನು ಮಲಗಿಸಿಯೇ ಮಾಡಬೇಕು. ಒಮ್ಮೆ ಗಡಿಬಿಡಿಯಲ್ಲಿ ರೋಗಿಯನ್ನು ಮಂಚದ ಅಂಚಿಗೆ ಕೂರಿಸಿಯೇ ಬೆಲ್ಟು ಕಟ್ಟಿ, ಕ್ಯಾಲಿಬ್ರೇಷನ್ ಮುಗಿಸಿದೆ. ಕೂತಾಗ ಮುಂದೆ ಬಂದಿದ್ದ ಹೊಟ್ಟೆ, ಮಲಗಿದಾಗ ಎರಡೂ ಕಡೆ ಹರಡಿತು. ಬೆಲ್ಟು ಸಡಿಲಾಯಿತು. ಮಲಗಿದಾಗ ಉಸಿರಿನ ಕೆಲಸ ಹೊಟ್ಟೆ ಕಡೆಗೇ ಜಾಸ್ತಿ ವಾಲುತ್ತದೆ ಬೇರೆ. ರಾತ್ರಿಯಿಡೀ ಗಾಳಿ ನಿಂತಾಗಲೆಲ್ಲ ಹೊಟ್ಟೆಯ ಗೆರೆಯೂ ಬಹುತೇಕ ಸುಮ್ಮನೆ. ಅಂದರೆ ಮೆದುಳೇ ಉಸಿರಾಡಲು ಹೇಳುತ್ತಿಲ್ಲ, ಸೆಂಟ್ರಲ್ ಆಪ್ನಿಯಾ ಅನ್ನುವ ಹಾಗೆ. ಅಷ್ಟು ಗೊರಕೆ ಹೊಡೆಯುವವರಿಗೆ ಇದು ಹೇಗೆ ಅಂತ ಡಾಕ್ಟರಿಗೆ ಅನುಮಾನ ಬಂತು. ಮತ್ತೆ ಮಲಗಿಸಿದೆವು. ಈ ಸಲ ಎದೆ ಇಳಿದರೆ ಹೊಟ್ಟೆ ಏರುತ್ತಿತ್ತು, ಎರಡೂ ಜಗ್ಗಾಡುತ್ತಿದ್ದವು. ಅಂದರೆ ಉಸಿರಾಡುವ ಪ್ರಯತ್ನ ನಡೆದೇ ಇತ್ತು, ಗಂಟಲು ಮುಚ್ಚಿಕೊಂಡಿತ್ತು, ಅಷ್ಟೇ. ತಪ್ಪು ಬೆಲ್ಟಿನದಲ್ಲ, ನನ್ನದು.

ಕೈಪಿಡಿಯಲ್ಲಿ ಸಿಗದ ಮಾತೊಂದು. ನಮ್ಮ ಕಡೆ ಬಹಳ ಜನರ ಎದೆ ಮೇಲೆ ಲಿಂಗದ ಕರಡಿಗೆ, ಸೊಂಟಕ್ಕೆ ಉಡಿದಾರ. ತೆಗೆಯಿರಿ ಅನ್ನಲಾಗದು, ಅನ್ನಲೂಬಾರದು. ಕರಡಿಗೆ ಬೆಲ್ಟಿನ ಅಡಿಗೆ ಸಿಕ್ಕರೆ ಬೆಲ್ಟು ಮೇಲೆ ಸರಿಯುತ್ತದೆ. ಅದನ್ನು ಹೆಗಲ ಕಡೆ ಸರಿಸಿ, ದಾರವನ್ನು ಬನಿಯನ್ನಿಗೆ ಟೇಪಿನಿಂದ ಅಂಟಿಸುತ್ತೇನೆ.

ದೂರು ಇಲ್ಲವೆಂದಲ್ಲ. ರೋಗಿ ನಾಲ್ಕು ಸಲ ಹೊರಳಿದ ಮೇಲೆ ಮೊತ್ತದ ಗೆರೆಯನ್ನು ಲೀಟರ್ ಲೆಕ್ಕದಲ್ಲಿ ನಂಬಬೇಡಿ. ಪ್ರಯತ್ನ ಇದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ನೋಡಿ. ಏಪ್ರಿಲ್ ಬಿಸಿಲಿಗೆ ಬೆವರು ಕುಡಿದು ಎಲಾಸ್ಟಿಕ್ ಬೇಗ ಜೋಲುತ್ತದೆ. ಹೊಟ್ಟೆಯದು ಎರಡು ಸಲ ಬದಲಾಯಿಸಿದ್ದೇವೆ. ಎದೆಯದು ಇನ್ನೂ ಮೊದಲಿನದೇ ನಡೆದಿದೆ. 5ಕ್ಕೆ 4.