ಸ್ಕ್ರೂಗೆ ಫುಲ್ ಮಾರ್ಕ್ಸ್, ಕಪ್ಲಿಂಗ್‌ಗೆ ಸೊನ್ನೆ: ಟಿ8 ಲೀಡ್‌ಸ್ಕ್ರೂ ಕಿಟ್, 14 ತಿಂಗಳ ಮೇಲೆ

ಬೆಳಗಾವಿಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣ ಸಿಎನ್‌ಸಿ ರೂಟರ್, ಅಂದ್ರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ, ಕಟ್ಟಿಕೊಂಡಿದ್ದೇನೆ. ಸಾಗವಾನಿ ಹಲಗೆ ಮೇಲೆ ಮನೆಗಳ ನೇಮ್‌ಪ್ಲೇಟ್ ಕೊರೆಯುತ್ತೇನೆ. ಎಕ್ಸ್ ಅಕ್ಷಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದು ಈ 500 ಮಿ.ಮೀ. ಕಿಟ್: ತಿರುಗಿ ನಟ್ಟನ್ನು ಹಿಂದೆ ಮುಂದೆ ಸರಿಸುವ ಉದ್ದ ಸ್ಕ್ರೂ (ಅದೇ ಲೀಡ್‌ಸ್ಕ್ರೂ), ಅದನ್ನು ಮೋಟರ್‌ಗೆ ಜೋಡಿಸುವ ಕಪ್ಲಿಂಗ್ ಇತ್ಯಾದಿ. 1,150 ರೂಪಾಯಿ.

ಮೊದಲ ಹಲಗೆಗೇ ತಲೆ ಕೆಟ್ಟಿತು. ಹೆಸರಿನ ಕೆಳಗೆ ಕೊರೆದ ಗೆರೆ ನೆಟ್ಟಗಿರಲಿಲ್ಲ. ಉಗುರು ಆಡಿಸಿದರೆ ಅಲೆ ಅಲೆ. ಸ್ಕೇಲ್ ಇಟ್ಟು ನೋಡಿದೆ, ಸರಿಯಾಗಿ 8 ಮಿ.ಮೀ.ಗೆ ಒಂದು. ಈ ಸ್ಕ್ರೂ ಒಂದು ಸುತ್ತು ತಿರುಗಿದರೆ ನಟ್ ಸರಿಯುವುದೂ 8 ಮಿ.ಮೀ.ನೇ. ಅಂದ್ರೆ ಸುತ್ತಿಗೊಮ್ಮೆ ಏನೋ ಒದೆಯುತ್ತಿದೆ. ಸ್ಕ್ರೂನೇ ಸೊಟ್ಟ ಅಂತ ಮಾರಿದವರನ್ನು ಬೈಯುತ್ತ ಕೂತೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವೂ ಮುಗಿಯಿತು.

ಕೊನೆಗೆ ಬಿಚ್ಚಿ ಮೇಜಿನ ಗಾಜಿನ ಮೇಲೆ ಉರುಳಿಸಿದೆ. ಎಲ್ಲೂ ಕುಣಿಯಲಿಲ್ಲ, ಒಂದೇ ಸಮ ಉರುಳಿತು! ಎಲ್ಲಾ ಗಂಟು ಕಟ್ಟಿಕೊಂಡು ಉದ್ಯಮಬಾಗದ ಪರಿಚಯದ ಲೇಥ್ ಅಂಗಡಿಗೆ ಹೋದೆ. ಮೇಸ್ತ್ರಿ ಕಪ್ಲಿಂಗ್‌ನ ಮೋಟರ್ ಕಡೆಯ 5 ಮಿ.ಮೀ. ತೂತಿಗೆ ಪಿನ್ ಹಾಕಿ ಲೇಥ್‌ನ ಹಿಡಿಕೆಯಲ್ಲಿ, ಅಂದ್ರೆ ಚಕ್‌ನಲ್ಲಿ, ಹಿಡಿದರು. ಸ್ಕ್ರೂ ಕೂರುವ 8 ಮಿ.ಮೀ. ತೂತಿಗೆ ಡಯಲ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಚ್ಚಿ ಕೈಯಿಂದ ತಿರುಗಿಸಿದರು. ಮುಳ್ಳು 0.3 ಮಿ.ಮೀ. ಓಡಾಡಿತು.

"ಸ್ಕ್ರೂಗ ಏನೂ ಆಗಿಲ್ರಿ ಸರ. ಕಪ್ಲಿಂಗ್ ತೂತ ನಡಬರಕ ಇಲ್ಲ ನೋಡ್ರಿ."

ಅಲ್ಲೇ ಅಲ್ಯೂಮಿನಿಯಂ ತುಂಡೊಂದನ್ನು ಹಿಡಿದು, ಚಕ್‌ನಿಂದ ಬಿಚ್ಚದೆ ಎರಡೂ ತೂತು ಕೊರೆದು ಕೊಟ್ಟರು. 250 ರೂಪಾಯಿ, ಚಹಾ ಅವರದೇ.

ಅರ್ಧ ತಪ್ಪು ನನ್ನದೂ ಇತ್ತು ಬಿಡಿ. ನಾನು ಮೊದಲೇ ಎಲ್ಲಾ ಬೋಲ್ಟ್ ಬಿಗಿದು, ಆಮೇಲೆ ಸ್ಕ್ರೂ ತೂರಿಸಿದ್ದೆ. ಈ ಸಲ ಎಲ್ಲವನ್ನೂ ಸಡಿಲ ಬಿಟ್ಟೆ. ನಟ್ ಜೊತೆ ಓಡಾಡುವ ಚೌಕಟ್ಟನ್ನು, ಅಂದ್ರೆ ಗ್ಯಾಂಟ್ರಿಯನ್ನು, ಮೋಟರ್ ಹತ್ತಿರ ತಂದು ನಟ್ ಮತ್ತು ಮೋಟರ್ ಕಡೆಯ ಬೇರಿಂಗ್ ಬಿಗಿದೆ. ಇನ್ನೊಂದು ತುದಿಗೆ ಒಯ್ದು ಅಲ್ಲಿನ ಬೇರಿಂಗ್ ಬಿಗಿದೆ. ಮೋಟರ್ ಕಟ್ಟಕಡೆಗೆ. ಆ ಇನ್ನೊಂದು ತುದಿಯ ಬೇರಿಂಗ್ ಬ್ಲಾಕ್ ಕೂದಲೆಳೆಯಷ್ಟು ತಗ್ಗಿತ್ತು. ಕೋಲ್ಡ್ರಿಂಕ್ಸ್ ಡಬ್ಬಿ ಕತ್ತರಿಸಿ ಆ ತಗಡನ್ನು ಅಡಿಗೆ ಕೊಟ್ಟೆ. ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಅಲೆ ಹೋಯಿತು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಅರ್ಧ ಗಂಟೆ ಇದರದ್ದೇ ಸೇವೆ. ಹಳೇ ಟೂತ್‌ಬ್ರಷ್‌ನಿಂದ ಎಳೆಗಳ ಧೂಳು ತೆಗೆಯುತ್ತೇನೆ. ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಟ್ಟು ಬಟ್ಟೆಯಿಂದ ಒರೆಸುತ್ತೇನೆ. ಜಾಸ್ತಿಯಾದರೆ ಮರದ ಪುಡಿ ಸೇರಿ ಅಂಟಾಗುತ್ತದೆ. ಆಮೇಲೆ ಕರೆಂಟ್ ತೆಗೆದು, ಎರಡೇ ಬೆರಳಲ್ಲಿ ಸ್ಕ್ರೂ ನಿಧಾನಕ್ಕೆ ತಿರುಗಿಸಿ ನೋಡುವುದು. ಈ ತುದಿಯಿಂದ ಆ ತುದಿವರೆಗೆ ಒಂದೇ ಬಿಗಿ ಸಿಕ್ಕರೆ ಆ ದಿನದ ತಿಂಡಿ ಇನ್ನೂ ರುಚಿ, ನಂಬಿ.

ಇಲ್ಲಿನ ಜಿಟಿಜಿಟಿ ಮಳೆಗಾಲ ಕಳೆದರೂ ಸ್ಕ್ರೂಗೆ ತುಕ್ಕಿಲ್ಲ. ನಟ್ ಸ್ವಲ್ಪ ಸಡಿಲಾಗಿದೆ, ಸ್ಪ್ರಿಂಗ್ ಇರುವುದನ್ನು ತರಿಸಬೇಕು. ನನ್ನ ಬಜೆಟ್ಟಿಗೆ 5ಕ್ಕೆ ಮೂರೂವರೆ ಸ್ಟಾರ್.

ಮೊನ್ನೆ ವೈ ಅಕ್ಷಕ್ಕೂ ಇದೇ ಕಿಟ್ ತರಿಸಿದೆ. ಪೊಟ್ಟಣ ಬಿಚ್ಚಿದವನೇ ಕಪ್ಲಿಂಗ್ ತೆಗೆದು ಮೊಳೆ ಡಬ್ಬಿಗೆ ಹಾಕಿ, ಮೇಸ್ತ್ರಿಗೆ ಫೋನ್ ಮಾಡಿದೆ.

"ಅವತ್ತ ಎರಡ ಮಾಡಿಟ್ಟೇನ್ರಿ. ಬಂದು ಒಯ್ರಿ."